ಹಳೆಯ ಜಾವಾ ಗಾಡಿ: ಹೊಸದು ಮಾಡಿಸುವುದೋ, ಇದ್ದ ಹಾಗೆ ಇಡುವುದೋ?

ಭವಿಷ್ಯನಿಧಿಯ ಅರ್ಜಿ ತುಂಬುವ ಬಗೆ, ಊರಿಗೆ ಹೋಗುವ ರೈಲಿನ ಟಿಕೇಟು, ಮನೆ ಬಾಡಿಗೆಯ ಕರಾರು ಮುಂತಾದ ವಿಷಯಗಳನ್ನು ಈ ಪುಟಗಳಲ್ಲಿ ನಾವು ಆಗಾಗ ವಿವರಿಸುತ್ತ ಬಂದಿದ್ದೇವೆ. ಈ ಸಲ ಒಂದು ಮೋಟಾರು ಸೈಕಲ್ಲಿನ ವಿಷಯ. ವಾಚಕರು ನಗಬಾರದು. ಕೇಳಿದವರು ನಮ್ಮ ವಾಚನಾಲಯಕ್ಕೆ ಭಾನುವಾರ ತಪ್ಪದೆ ಬರುವ ಮಿತ್ರರು, ಮತ್ತು ಅವರಿಗೆ ಇದು ನಗುವ ವಿಷಯವಾಗಿರಲಿಲ್ಲ.

ಅವರು ಇರುವುದು ಓಲ್ಡ್ ರಾಜಿಂದರ್ ನಗರದಲ್ಲಿ, ಮೂರನೆಯ ಅಂತಸ್ತಿನ ಒಂದು ಕೋಣೆಯಲ್ಲಿ. ಅವರ ತೀರ್ಥರೂಪರು 1969ರಲ್ಲಿ ಮೈಸೂರಿನಲ್ಲಿ ಒಂದು ಜಾವಾ ಗಾಡಿ ಕೊಂಡಿದ್ದರು. ದೆಹಲಿಗೆ ವರ್ಗವಾದಾಗ ಅದನ್ನು ರೈಲಿನ ಪಾರ್ಸಲಿನಲ್ಲಿ ಹಾಕಿಸಿ ತಂದರು, ಅದರ ಮೇಲೆಯೇ ಕಚೇರಿಗೆ ಹೋಗಿ ಬಂದು ನಿವೃತ್ತರಾದರು. ಅವರು ತೀರಿಕೊಂಡು ಎರಡು ವರ್ಷವಾಯಿತು. ಗಾಡಿ ಓಡದೆ ಹನ್ನೊಂದು ವರ್ಷ. ಈಗ ಮನೆಯ ಮಾಲೀಕರು ದೀಪಾವಳಿಯೊಳಗೆ ಮೆಟ್ಟಿಲ ಕೆಳಗಿನ ಜಾಗ ತೆರವಾಗಬೇಕು ಎಂದಿದ್ದಾರೆ. ಗುಜರಿಗೆ ಕೊಡಲು ಮನಸ್ಸಿಲ್ಲ. ಹತ್ತಿರದ ಕರೋಲ್ ಬಾಗಿನ ಮೇಸ್ತ್ರಿಯೊಬ್ಬ ನೋಡಿ, “ಬಾಬೂಜಿ, ಅಂಗಡಿಯಿಂದ ಈಗ ತಂದ ಹಾಗೆ ಮಾಡಿಕೊಡುತ್ತೇನೆ” ಎಂದನಂತೆ. ಅವನು ಹೇಳಿದ ಮೊತ್ತ ನಮ್ಮಂಥವರ ಮೂರು ತಿಂಗಳ ಸಂಬಳ. ಕೊಡಬಹುದೇ, ಕೂಡದೇ ಎಂಬುದು ಪ್ರಶ್ನೆ.

ಮೊದಲು ಗಾಡಿಯ ಕುಲಗೋತ್ರ ತಿಳಿಯೋಣ. ಫ್ರಾಂಟಿಸೆಕ್ ಯಾನೆಚೆಕ್ ಎಂಬವರು 1929ರಲ್ಲಿ ಪ್ರಾಗ್ ನಗರದಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರು ಸೈಕಲ್ಲನ್ನು ತಯಾರಿಸಲು ಆರಂಭಿಸಿದಾಗ ಎರಡು ಹೆಸರುಗಳ ಮೊದಲಕ್ಷರಗಳು ಕೂಡಿ ‘ಜಾವಾ’ ಆಯಿತು. ಇಂಡೋನೇಷ್ಯದ ದ್ವೀಪಕ್ಕೂ ಇದಕ್ಕೂ ಸಂಬಂಧವಿಲ್ಲ. ಜೆಕೊಸ್ಲೊವಾಕಿಯದ ಆ ಕಂಪನಿಯ ಪರವಾನಗಿ ಪಡೆದು ಮೈಸೂರಿನ ಯಾದವಗಿರಿಯಲ್ಲಿ 1960ರ ಸುಮಾರಿಗೆ ಐಡಿಯಲ್ ಜಾವಾ ಕಾರ್ಖಾನೆ ಹುಟ್ಟಿತು. ಅದನ್ನು ಉದ್ಘಾಟಿಸಿದವರು ಜಯಚಾಮರಾಜ ಒಡೆಯರು. 1973ರಿಂದ ಗಾಡಿಗೆ ‘ಯೆಜ್ಡಿ’ ಎಂಬ ಹೆಸರಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಹೆಸರಿನ ಹೊಸ ಗಾಡಿಗಳು ಪೇಟೆಗೆ ಬಂದವು, ಆದರೆ ಅವು ಬೇರೆಯೇ ಜಾತಿ, ಮೈಸೂರಿನವಲ್ಲ. ಹಳೆಯದರ ಎಂಜಿನು 250 ಸಿ.ಸಿ.ಯ ಒಂದೇ ಸಿಲಿಂಡರಿನದು, ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಬೇಕು, ಹೊಗೆಯ ಕೊಳವೆ ಮಾತ್ರ ಎರಡು. ಕಿಕ್ ಹೊಡೆಯುವ ಸನ್ನೆಯೇ ಮುಂದಕ್ಕೆ ಮಡಚಿದರೆ ಗೇರಿನ ಸನ್ನೆ. ಇದನ್ನು ತಿಳಿಯದವರು ಗಾಡಿಯ ಮುಂದೆ ಪೆಚ್ಚಾಗಿ ನಿಲ್ಲುವುದನ್ನು ನಾವು ಬಾಲ್ಯದಲ್ಲಿ ಎಷ್ಟೋ ಸಲ ಕಂಡಿದ್ದೇವೆ.

ಈ ಸಂದೇಹ ಬಡವರಿಗೆ ಮಾತ್ರ ಬರುವುದೆಂದು ತಿಳಿಯಬೇಡಿ. ಕೋಟಿಗಟ್ಟಲೆ ಬೆಲೆಯ ಹಳೆಯ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರೂ ಇದೇ ಪ್ರಶ್ನೆಯಲ್ಲಿ ತೊಳಲಾಡುತ್ತಾರೆ. 1925ರ ಒಂದು ಬುಗಾಟಿ ಸ್ಪೋರ್ಟ್ಸ್ ಕಾರು ಸುಂಕ ಕಟ್ಟದ ಕಾರಣ ಸ್ವಿಟ್ಜರ್ಲೆಂಡಿನ ಮಜ್ಜೊರೆ ಸರೋವರದ ಪಾಲಾಯಿತು. ಎಪ್ಪತ್ತಕ್ಕೂ ಹೆಚ್ಚು ವರ್ಷ ನೀರಿನಲ್ಲಿದ್ದು, 2009ರಲ್ಲಿ ಮೇಲೆ ಬಂದಾಗ ಒಂದು ಮಗ್ಗುಲು ತುಕ್ಕು ತಿಂದು ಹರಿದುಹೋಗಿತ್ತು. 2010ರಲ್ಲಿ ಪ್ಯಾರಿಸಿನ ಹರಾಜಿನಲ್ಲಿ ಅದಕ್ಕೆ 2,60,500 ಯೂರೋ ಬಂತು. ಕೊಂಡ ಅಮೆರಿಕದ ಪೀಟರ್ ಮುಲಿನ್ ಎಂಬ ಸಂಗ್ರಾಹಕರು ಅದಕ್ಕೆ ಒಂದು ಮೊಳೆಯನ್ನೂ ಹೊಡೆಸದೆ, ಆ ತುಕ್ಕಿನ ರೂಪದಲ್ಲಿಯೇ ತಮ್ಮ ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸಿದರು. ಇನ್ನೊಂದು ಬುಗಾಟಿ, ಬಟ್ಟೆಯ ವ್ಯಾಪಾರದಲ್ಲಿ ಹೆಸರಾದ ರಾಲ್ಫ್ ಲಾರೆನ್ ಅವರದು. ಅದನ್ನು ಪೂರ್ತಿ ಬಿಚ್ಚಿ ಮೊದಲಿನಿಂದ ಕಟ್ಟಿಸಿ ಹೊಳೆಯಿಸಿದ್ದರು. 1990ರಲ್ಲಿ ಕ್ಯಾಲಿಫೋರ್ನಿಯದ ಪೆಬಲ್ ಬೀಚಿನ ಪ್ರದರ್ಶನದಲ್ಲಿ ಅತ್ಯುತ್ತಮ ಬಹುಮಾನ ಅದಕ್ಕೇ ಬಂತು. ಒಂದೇ ಕಾರ್ಖಾನೆಯ ಎರಡು ಕಾರು, ಎರಡು ತೀರ್ಮಾನ, ಎರಡಕ್ಕೂ ಮೆಚ್ಚುಗೆ.

ಆದರೆ ಒಂದು ಭೇದವಿದೆ. ಸರೋವರದ ಕಾರು ಇನ್ನು ಓಡಬೇಕಾಗಿರಲಿಲ್ಲ. ಓಡಬೇಕಾದದ್ದನ್ನು ಮುಟ್ಟದೆ ಇಡಲು ಬರುವುದಿಲ್ಲ. 1855ರ ‘ಫೇರಿ ಕ್ವೀನ್’ ಉಗಿಬಂಡಿಯನ್ನು ನಮ್ಮಲ್ಲಿ ಅನೇಕರು ಚಾಣಕ್ಯಪುರಿಯ ರೈಲ್ವೆ ಸಂಗ್ರಹಾಲಯದಲ್ಲಿ ನೋಡಿರಬಹುದು. 1909ರಲ್ಲಿ ಕೆಲಸದಿಂದ ಬಿಡುಗಡೆಯಾದ ಆ ಬಂಡಿಯನ್ನು 1997ರಲ್ಲಿ ದೆಹಲಿಯಿಂದ ಅಲ್ವರಿಗೆ ಮತ್ತೆ ಓಡಿಸಿದರು. ಅದಕ್ಕೆ ಮೊದಲು ಕಾರ್ಖಾನೆಯಲ್ಲಿ ಅದನ್ನು ಬಿಚ್ಚಿ ದುರಸ್ತಿ ಮಾಡಲೇಬೇಕಾಯಿತು. ಆದ್ದರಿಂದ ಮಿತ್ರರಿಗೆ ನಾವು ಮೊದಲು ಕೇಳಿದ್ದು ಇಷ್ಟು: ಗಾಡಿ ಓಡಬೇಕೋ, ನಿಲ್ಲಬೇಕೋ? “ಅಪರೂಪಕ್ಕಾದರೂ ಓಡಬೇಕು, ಅದರ ಸದ್ದು ಕೇಳಬೇಕು” ಎಂದರು.

ಹಾಗಾದರೆ ಕೆಲವನ್ನು ಬದಲಿಸುವುದರಲ್ಲಿ ಮಮತೆ ಬೇಡ. ಟೈರು, ಟ್ಯೂಬು, ಬ್ರೇಕಿನ ಷೂ, ಕೇಬಲ್ಲುಗಳು ಹಳೆಯವಿದ್ದರೆ ಪ್ರಾಣಕ್ಕೆ ಅಪಾಯ. ಎಂಜಿನಿನೊಳಗೆ ಕ್ರ್ಯಾಂಕಿನ ಎರಡು ಕಡೆ ರಬ್ಬರಿನ ಸೀಲುಗಳಿರುತ್ತವೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಇವು ಒಣಗಿ ಬಿರಿಯುತ್ತವೆ. ಆಗ ಹೊರಗಿನ ಗಾಳಿ ಒಳಕ್ಕೆ ನುಗ್ಗಿ, ಪೆಟ್ರೋಲಿನೊಡನೆ ಬರುವ ಎಣ್ಣೆ ಸಾಲದಾಗಿ, ಪಿಸ್ಟನ್ ಕಾದು ಹಿಡಿದುಕೊಳ್ಳುತ್ತದೆ. ಆದುದರಿಂದ ಹುಮ್ಮಸ್ಸಿನಲ್ಲಿ ಕಿಕ್ ಹೊಡೆದು ನೋಡುವುದು ಸಲ್ಲದು. ಟಾಕಿಯ ಒಳಗಿನ ತುಕ್ಕನ್ನು ತೊಳೆಸಬೇಕು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುವುದರಿಂದ ಅದು ನೀರನ್ನು ಹೀರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ಗಾಡಿ ನಿಲ್ಲಿಸುವಾಗ ಟಾಕಿಯಲ್ಲಿ ಅದನ್ನು ತಿಂಗಳುಗಟ್ಟಲೆ ಬಿಡಬಾರದು. 6 ವೋಲ್ಟಿನ ವಿದ್ಯುತ್ತನ್ನು ತೆಗೆದು 12 ವೋಲ್ಟು ಮಾಡಿಸಿಕೊಳ್ಳುವವರಿದ್ದಾರೆ. ಮಾಡಿಸಬಹುದು, ಬೆಳಕು ಚೆನ್ನಾಗಿರುತ್ತದೆ. ಆದರೆ ಕಳಚಿದ ಸಾಮಾನನ್ನೆಲ್ಲ ಡಬ್ಬಿಯಲ್ಲಿಟ್ಟು ಜೋಪಾನ ಮಾಡಬೇಕು, ನಾಳೆ ತಿರುಗಿ ಹಾಕುವಂತಿರಬೇಕು.

ಬಣ್ಣದ ವಿಷಯ ಬೇರೆ. ಈ ಗಾಡಿಗೆ ಮೈಸೂರಿನಲ್ಲಿ ಬಳಿದ ಕೆಂಗಂದು ಬಣ್ಣವೇ ಇನ್ನೂ ಇದೆ. ಮಾಸಿದೆ, ಅಲ್ಲಲ್ಲಿ ಎದ್ದಿದೆ. ಟಾಕಿಯ ಎರಡು ಬದಿಯ ಹೊಳಪು ಲೇಪ ಮೊಣಕಾಲು ತಾಗುವ ಕಡೆ ಸವೆದಿದೆ. ನಾವು ಹೋಗಿ ಬ್ಯಾಟರಿ ದೀಪ ಹಿಡಿದು ನೋಡಿದಾಗ ಹಿಂದಿನ ಮಡ್‌ಗಾರ್ಡಿನ ಒಳಭಾಗದಲ್ಲಿ ಬಿಳಿಯ ಬಣ್ಣದಲ್ಲಿ ಬರೆದ ರೈಲ್ವೆ ಪಾರ್ಸಲಿನ ಗುರುತು ಕಂಡಿತು. ‘ಮೈಸೂರು’ ಎಂಬುದರ ಮೊದಲ ಮೂರು ಅಕ್ಷರ ಇಂಗ್ಲಿಷಿನಲ್ಲಿ ಉಳಿದಿವೆ. ಮಿತ್ರರು ಅದನ್ನು ಈವರೆಗೆ ನೋಡಿರಲಿಲ್ಲ. ಹೊಸ ಬಣ್ಣಕ್ಕೆ ಮೊದಲು ಮರಳು ಊದಿ ಎಲ್ಲವನ್ನೂ ಬರಿಯ ಕಬ್ಬಿಣಕ್ಕೆ ತರುತ್ತಾರೆ. ಆ ಅಕ್ಷರಗಳು ಅರ್ಧ ನಿಮಿಷದ ಕೆಲಸ. ಹೊಳಪು ಲೇಪ ಹೊಸದಾಗಿ ಕೊಡಿಸಬೇಕಾದರೂ ಹಳೆಯದನ್ನು ತೆಗೆದು ಉಜ್ಜಬೇಕು, ಉಜ್ಜಿದಷ್ಟೂ ತಗಡು ತೆಳುವಾಗುತ್ತದೆ. ಬಣ್ಣವನ್ನು ನಾಳೆ ಬೇಕಾದರೂ ಬಳಿಸಬಹುದು. ಬಳಿಸಿದ ಮೇಲೆ 1969ರ ಬಣ್ಣವನ್ನು ಯಾವ ಮೇಸ್ತ್ರಿಯೂ ಕೊಡಲಾರ.

ಇಲ್ಲಿ ನಮ್ಮದೇ ಪೆಟ್ಟಿನ ಮಾತು ಹೇಳಬೇಕು. ನಮ್ಮ ಅಣ್ಣನವರ ಹಳೆಯ ಗಾಡಿಯನ್ನು ಒಂದು ಕಾರ್ಯಾಗಾರಕ್ಕೆ ಒಪ್ಪಿಸಿ ‘ಎಲ್ಲ ಹೊಸದು ಮಾಡಿ’ ಎಂದು ಬಂದಿದ್ದೆವು. ಗಾಡಿ ಮದುಮಗನಂತೆ ಬಂತು. ಕಾಗದ ನವೀಕರಿಸಲು ಹೋದಾಗ ಎಂಜಿನಿನ ಸಂಖ್ಯೆ ಆರ್‌ಸಿ ಪುಸ್ತಕದ ಸಂಖ್ಯೆಗೆ ಕೂಡಲಿಲ್ಲ! ಬಿರುಕು ಬಿಟ್ಟ ಕವಚವನ್ನು ತೆಗೆದು ಬೇರೆ ಯಾವುದೋ ಗಾಡಿಯದನ್ನು ಹಾಕಿದ್ದರು. ಹಳೆಯದನ್ನು ತೂಕಕ್ಕೆ ಮಾರಿಯೂ ಆಗಿತ್ತು. ಚೌಕಟ್ಟಿನ ಮೇಲೆ ಒತ್ತಿದ ಚಾಸಿಸ್ ಸಂಖ್ಯೆಯೂ ಮರಳು ಬಡಿದು ಮಸುಕಾಗಿತ್ತು. ಆ ಗಾಡಿ ಇಂದಿಗೂ ರಸ್ತೆಗೆ ಇಳಿದಿಲ್ಲ. ಆದಕಾರಣ ಕೆಲಸಕ್ಕೆ ಕೊಡುವ ಮುನ್ನ ಎರಡೂ ಸಂಖ್ಯೆಗಳ ಫೋಟೋ ತೆಗೆಯಿರಿ, ಆ ಜಾಗವನ್ನು ಮುಟ್ಟಕೂಡದೆಂದು ಬರೆದುಕೊಡಿ, ತೆಗೆದ ಪ್ರತಿಯೊಂದು ಸಾಮಾನೂ ಚೀಲದಲ್ಲಿ ಮರಳಿ ಬರಬೇಕೆಂದು ಕರಾರು ಮಾಡಿಕೊಳ್ಳಿ. ಮುಂಗಡವನ್ನೂ ಒಟ್ಟಿಗೆ ಕೊಡಬೇಡಿ.

ಕಾಯಿದೆಯೂ ಇದೇ ಕಡೆಗೆ ತೂಗುತ್ತದೆ. ದೆಹಲಿಯಲ್ಲಿ 15 ವರ್ಷ ದಾಟಿದ ಪೆಟ್ರೋಲ್ ಗಾಡಿ, 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಕೂಡದೆಂಬ ಹಸಿರು ನ್ಯಾಯಮಂಡಳಿಯ ಆಜ್ಞೆಯನ್ನು ಸುಪ್ರೀಂ ಕೋರ್ಟು 2018ರಲ್ಲಿ ಎತ್ತಿಹಿಡಿಯಿತು. 2025ರಲ್ಲಿ ಇದರ ಮೇಲೆ ಮತ್ತೆ ವಾದ ನಡೆದು ಆಜ್ಞೆಗಳು ಬದಲಾದವು. ಆದ್ದರಿಂದ ಗಾಡಿಯನ್ನು ಬೀದಿಗೆ ತರುವ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದೇ ಕ್ಷೇಮ. ಇನ್ನೊಂದು ದಾರಿ 2021ರ ವಿಂಟೇಜ್ ವಾಹನಗಳ ನಿಯಮ. ಮೊದಲ ಮಾರಾಟದಿಂದ 50 ವರ್ಷ ಕಳೆದ, ಸ್ವಂತ ಬಳಕೆಯ, ಮೂಲರೂಪದಲ್ಲಿ ಉಳಿದ ಗಾಡಿಗೆ ಇದು ಅನ್ವಯಿಸುತ್ತದೆ. ಚಾಸಿಸ್, ಮೈಕಟ್ಟು, ಎಂಜಿನುಗಳಲ್ಲಿ ಮಾರ್ಪಾಡಾಗಿದ್ದರೆ ಇಲ್ಲ. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ, ಮರುನೋಂದಣಿಗೆ 5,000 ರೂಪಾಯಿ. ಮಿತ್ರರ ಗಾಡಿಗೆ 2019ರಲ್ಲೇ 50 ತುಂಬಿದೆ. 1978ರ ಯೆಜ್ಡಿ ರೋಡ್‌ಕಿಂಗ್ ಇದ್ದವರು 2028ರವರೆಗೆ ಕಾಯಬೇಕು. ಆದರೆ ಈ ನೋಂದಣಿಯ ಮೇಲೆ ದಿನವೂ ಕಚೇರಿಗೆ ಹೋಗುವಂತಿಲ್ಲ. ಪ್ರದರ್ಶನಕ್ಕೆ, ವಿಂಟೇಜ್ ರ‍್ಯಾಲಿಗೆ, ದುರಸ್ತಿಗೆ, ಪೆಟ್ರೋಲು ಹಾಕಿಸಲು ಮಾತ್ರ ರಸ್ತೆ. 20,000 ಕೊಟ್ಟು ರ‍್ಯಾಲಿಗೆ ಹೋಗುವ ಗುಮಾಸ್ತೆ ಎಷ್ಟು ಜನ ಎಂದು ನೀವು ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ. ನಿರಾಕ್ಷೇಪಣಾ ಪತ್ರ ಪಡೆದು ಗಾಡಿಯನ್ನು ಬೇರೆ ರಾಜ್ಯಕ್ಕೆ ಒಯ್ಯುವ ರೂಢಿಯೂ ಉಂಟು. ಮಿತ್ರರ ತಮ್ಮ ಮೈಸೂರಿನಲ್ಲಿದ್ದಾರೆ, ಅವರಿಗೆ ಅಂಗಳವಿರುವ ಮನೆ ಇದೆ. ಪಾರ್ಸಲಿಗೆ ಹಾಕುವಾಗ ಟಾಕಿಯ ಪೆಟ್ರೋಲನ್ನು ಪೂರ್ತಿ ಖಾಲಿ ಮಾಡಬೇಕು ಎಂಬುದನ್ನು ಮರೆಯಬಾರದು.

ಮಿತ್ರರು ಮೇಸ್ತ್ರಿಯ ಪೂರ್ತಿ ಪಟ್ಟಿಯನ್ನು ಒಪ್ಪಲಿಲ್ಲ. ಟೈರು, ಬ್ರೇಕು, ಸೀಲು, ಕೇಬಲ್ಲು, ಟಾಕಿ ತೊಳೆತ ಇಷ್ಟನ್ನೇ ಮಾಡಿಸಿದರು. ಮೇಸ್ತ್ರಿಗೆ ಬೇಸರವಾಯಿತು. ಇಂಥ ಹಾಳು ಬಣ್ಣದ ಗಾಡಿ ತನ್ನ ಅಂಗಡಿಯಿಂದ ಹೊರಟರೆ ಹೆಸರು ಕೆಡುತ್ತದೆಂದನಂತೆ. ಹಳೆಯ ಸಾಮಾನು ಒಂದು ಸಿಮೆಂಟ್ ಚೀಲದಲ್ಲಿ ತಿರುಗಿ ಬಂತು, ಎಣಿಸಿಕೊಂಡೆವು. ಬಣ್ಣಕ್ಕೆ ನಾವಿಬ್ಬರೇ ಎರಡು ಭಾನುವಾರ ಕೂತು ಸೋಪಿನ ನೀರಿನಲ್ಲಿ ಒರೆಸಿ ಮೇಣ ತಿಕ್ಕಿದೆವು. ವಿಂಟೇಜ್ ನೋಂದಣಿಯೋ ಮೈಸೂರೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಮಾಲೀಕರು ಗಾಡಿಯನ್ನು ನೋಡಿ ಗಡುವನ್ನು ಹೋಳಿಯವರೆಗೆ ಮುಂದೂಡಿದ್ದಾರೆ. ಕಳೆದ ಭಾನುವಾರ ಏಳನೆಯ ಕಿಕ್ಕಿಗೆ ಎಂಜಿನು ಹಿಡಿಯಿತು. ಮೆಟ್ಟಿಲ ತುಂಬ ನೀಲಿ ಹೊಗೆ ತುಂಬಿ, ಮೇಲೆ ಪರೀಕ್ಷೆಗೆ ಓದುತ್ತಿದ್ದ ಹುಡುಗರು ಬೆಂಕಿ ಬಿತ್ತೆಂದು ಕೂಗುತ್ತ ಬರಿಗಾಲಿನಲ್ಲಿ ಕೆಳಗಿಳಿದು ಬಂದರು.