ಬಾನುಲಿಗೆ ಮನೆಗೊಂದು ವಂತಿಗೆ

ಮನೆಗೆ ರೇಡಿಯೊ ತಂದವರು ಅಂಚೆ ಕಚೇರಿಗೂ ಹೋಗಿಬರಬೇಕಿದ್ದ ಕಾಲವೊಂದಿತ್ತು. ಪಾಸ್‌ಬುಕ್ಕಿನಂಥ ಲೈಸೆನ್ಸ್ ಪುಸ್ತಕ, ವರ್ಷಕ್ಕೆ 15 ರೂಪಾಯಿ, ಅದರ ಮೇಲೆ ಅಂಚೆಯ ಮೊಹರು. 1970ರ ದಶಕ ಕಂಡ ಮನೆಗಳ ಹಳೇ ಟ್ರಂಕಿನಲ್ಲಿ ಅದು ಈಗಲೂ ಸಿಕ್ಕೀತು. 1980ರ ದಶಕದಲ್ಲಿ ಸರ್ಕಾರ ಈ ಶುಲ್ಕವನ್ನು ಕೈಬಿಟ್ಟಿತು.

ಬ್ರಿಟನ್ ಬಿಟ್ಟಿಲ್ಲ. ಬಿಬಿಸಿಯನ್ನು ಸಾಕುವ ಟಿವಿ ಲೈಸೆನ್ಸ್ ಶುಲ್ಕ 2025ರ ಏಪ್ರಿಲ್‌ನಲ್ಲಿ ವರ್ಷಕ್ಕೆ 174.50 ಪೌಂಡಿಗೆ ಏರಿತು. ಬೇರೆ ಚಾನೆಲ್‌ಗಳನ್ನಷ್ಟೇ ನೇರಪ್ರಸಾರದಲ್ಲಿ ನೋಡುವವರೂ ಇದನ್ನು ಕಟ್ಟಬೇಕು. ತಪ್ಪಿಸಿದರೆ ಕ್ರಿಮಿನಲ್ ಅಪರಾಧ. 1,000 ಪೌಂಡ್‌ವರೆಗೆ ದಂಡ. ಹೀಗೆ ಶಿಕ್ಷೆಗೊಳಗಾಗುವವರಲ್ಲಿ ಹೆಂಗಸರೇ ಬಹುಪಾಲು, ತನಿಖೆಯವರು ಬಾಗಿಲು ತಟ್ಟಿದಾಗ ಮನೆಯಲ್ಲಿ ಸಿಗುವವರು ಹೆಚ್ಚಾಗಿ ಅವರೇ. ಉಳ್ಳವರಿಗೂ ಇಲ್ಲದವರಿಗೂ ಒಂದೇ ದರ ಹಾಕಿ, ಕಟ್ಟಲಾಗದವರನ್ನು ಕೋರ್ಟಿಗೆಳೆಯುವುದು ಅನ್ಯಾಯ.

ಹಾಗೆಂದು ಶುಲ್ಕವನ್ನೇ ಕಿತ್ತೊಗೆಯಬೇಕೆ? ಫ್ರಾನ್ಸ್ 2022ರಲ್ಲಿ ತನ್ನ 138 ಯೂರೊ ಶುಲ್ಕವನ್ನು ರದ್ದು ಮಾಡಿ, ತೆರಿಗೆಯ ಒಂದು ಪಾಲನ್ನು ಪ್ರಸಾರಕ್ಕೆ ಕೊಡತೊಡಗಿತು. ಜನರ ಜೇಬಿಗೆ ಹಗುರವಾಯಿತು, ನಿಜ. ಹಣದ ಪೆಟ್ಟಿಗೆಯ ಕೀಲಿ ಮಾತ್ರ ಸರ್ಕಾರಕ್ಕೆ ಇನ್ನಷ್ಟು ಹತ್ತಿರವಾಯಿತು.

ರೇಡಿಯೊ ನಾಟ್ಸಿಗಳ ತುತ್ತೂರಿಯಾದದ್ದನ್ನು ಕಂಡ ಜರ್ಮನಿ ಈ ಕೀಲಿಯ ವಿಷಯದಲ್ಲಿ ಬಹಳ ಎಚ್ಚರ ವಹಿಸಿದೆ. 2013ರಿಂದ ಅಲ್ಲಿ ಟಿವಿ ಇರಲಿ ಬಿಡಲಿ, ಮನೆಗೊಂದು ವಂತಿಗೆ. ಸರ್ಕಾರದ ನೆರವಿನಲ್ಲೇ ಬದುಕುವವರು ಅರ್ಜಿ ಕೊಟ್ಟರೆ ವಿನಾಯಿತಿ. ಎಷ್ಟು ಹಣ ಬೇಕೆಂದು ಲೆಕ್ಕ ಹಾಕುವುದು ಸ್ವತಂತ್ರ ಆಯೋಗ. ತಿಂಗಳಿಗೆ 17.50 ಯೂರೊ ಇದ್ದುದನ್ನು 18.36ಕ್ಕೆ ಏರಿಸಲು ಆಯೋಗ ಹೇಳಿದಾಗ, 16 ರಾಜ್ಯಗಳ ಪೈಕಿ ಸ್ಯಾಕ್ಸನಿ-ಆನ್‌ಹಾಲ್ಟ್ ಒಂದೇ ಅಡ್ಡ ನಿಂತಿತು. ಬರೀ 86 ಸೆಂಟಿನ ಜಗಳ ಸಾಂವಿಧಾನಿಕ ನ್ಯಾಯಾಲಯದ ಮೆಟ್ಟಿಲೇರಿತು. 2021ರಲ್ಲಿ ನ್ಯಾಯಾಲಯ ಏರಿಕೆಯನ್ನು ಜಾರಿಗೆ ತಂದಿತು: ಪ್ರಸಾರದ ಸ್ವಾತಂತ್ರ್ಯವೆಂದರೆ ಅದಕ್ಕೆ ಬೇಕಾದಷ್ಟು ಹಣವೂ ಹೌದು, ಒಂದು ರಾಜ್ಯ ಅದನ್ನು ತಡೆದಿಡುವಂತಿಲ್ಲ.

ಆಕಾಶವಾಣಿ, ದೂರದರ್ಶನಗಳನ್ನು ನಡೆಸುವ ಪ್ರಸಾರ ಭಾರತಿ ಕಾನೂನಿನ ಪ್ರಕಾರ ಸ್ವಾಯತ್ತ ಸಂಸ್ಥೆ. ಆದರೆ ಸಿಬ್ಬಂದಿಯ ಸಂಬಳಕ್ಕೆ ಅದು ಕೇಂದ್ರ ಸರ್ಕಾರದ ಅನುದಾನವನ್ನೇ ನೆಚ್ಚಿಕೊಂಡಿದೆ. ಸಂಬಳ ಕೊಡುವವರ ತಪ್ಪನ್ನು ಸುದ್ದಿ ಮಾಡುವ ಧೈರ್ಯ ಎಲ್ಲಿಂದ ಬರಬೇಕು? ಜಾಹೀರಾತನ್ನು ನಂಬೋಣವೆಂದರೆ, ಮಡಿಕೇರಿ ಕೇಂದ್ರದ ಕೊಡವ, ಮಂಗಳೂರಿನ ತುಳು ಕಾರ್ಯಕ್ರಮಗಳನ್ನು ಮಾರುಕಟ್ಟೆಯೊಂದೇ ಉಳಿಸಲಾರದು.

ಮನೆಗೊಂದು ಸಣ್ಣ ವಂತಿಗೆ, ಬಡವರಿಗೆ ಪೂರ್ತಿ ಮಾಫಿ, ಮೊತ್ತ ಹೇಳಲು ಸ್ವತಂತ್ರ ಆಯೋಗ: ಇದು ನಮ್ಮಲ್ಲೂ ಆಗದ ಮಾತಲ್ಲ. ರೇಡಿಯೊ-ಟಿವಿ ಲೈಸೆನ್ಸ್ ಶುಲ್ಕವೇನಾದರೂ ವಸೂಲಾದರೆ, ಸಂಸತ್ತಿನ ಒಪ್ಪಿಗೆ ಪಡೆದು ಸಂಸ್ಥೆಗೆ ಕೊಡಲು 1990ರ ಪ್ರಸಾರ ಭಾರತಿ ಕಾಯ್ದೆಯ 17ನೇ ಸೆಕ್ಷನ್ ಮೊದಲೇ ಜಾಗ ಬಿಟ್ಟಿದೆ.