ನಿಮಗಿದು ಗೊತ್ತೇ? ಎದೆಯೊಳಗಿನ ಪುಟ್ಟ ಜಾಲರಿ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಯಾರಿಗಾದರೂ ‘ಹಾರ್ಟ್ ಪ್ರಾಬ್ಲಮ್’ ಅಂದರೆ ಮುಂದಿನ ಪ್ರಶ್ನೆ ಸಿದ್ಧ: ‘ಎಷ್ಟು ಸ್ಟೆಂಟ್ ಹಾಕ್ಯಾರ?’ ಆ ಸ್ಟೆಂಟಿನ ಕಥೆ ಇಷ್ಟು.

• ಹೃದಯದ ರಕ್ತನಾಳವನ್ನು ಬಲೂನಿನಿಂದ ಹಿಗ್ಗಿಸುವ ಆಂಜಿಯೋಪ್ಲಾಸ್ಟಿ ಮೊದಲು ನಡೆದದ್ದು 1977ರ ಸೆಪ್ಟೆಂಬರ್ 16ರಂದು, ಜ್ಯೂರಿಕ್‌ನಲ್ಲಿ. ಮಾಡಿದವರು ಡಾ. ಆಂಡ್ರಿಯಾಸ್ ಗ್ರುಂಟ್ಸಿಗ್. ಬಲೂನು ತಯಾರಿಸುವ ಅವರ ಪ್ರಯೋಗಗಳು ನಡೆದದ್ದು ಮನೆಯ ಅಡುಗೆಕೋಣೆಯಲ್ಲಿ! ಅಂದು ರೋಗಿ ಎಚ್ಚರವಾಗಿದ್ದರು. ಇಂದೂ ಸಾಮಾನ್ಯವಾಗಿ ಹಾಗೆಯೇ.

• 1986ರಲ್ಲಿ ಫ್ರಾನ್ಸಿನ ಟುಲೂಸ್‌ನಲ್ಲಿ ಹೃದಯಕ್ಕೆ ಹಾಕಿದ ಮೊದಲ ಸ್ಟೆಂಟ್, ಸ್ಟೀಲ್ ಎಳೆಗಳಿಂದ ಹೆಣೆದ ಜಾಲರಿ. ಬನಹಟ್ಟಿಯ ನೇಕಾರರ ಕೈಗೆ ಕೊಟ್ಟಿದ್ದರೆ ಎಳೆ ಎಣಿಸಿಬಿಡುತ್ತಿದ್ದರು. ಈಗಿನವು ಸಾಮಾನ್ಯವಾಗಿ ಲೋಹದ ಕೊಳವೆಯನ್ನು ಲೇಸರ್‌ನಿಂದ ಕೊರೆದು ಮಾಡಿದವು. ಒಂದೊಂದು ಎಳೆ ಹೆಚ್ಚೂಕಡಿಮೆ ತಲೆಗೂದಲಿನಷ್ಟೇ ದಪ್ಪ.

• ಹೃದಯ ತಲುಪಲು ಮಣಿಕಟ್ಟು ಇಲ್ಲವೇ ತೊಡೆಸಂದಿನ ರಕ್ತನಾಳವೇ ದಾರಿ. ಮೊದಲು ಅರ್ಧ ಮಿಲಿಮೀಟರೂ ದಪ್ಪವಿಲ್ಲದ ತಂತಿ ಕಿರಿದಾದ ಜಾಗ ದಾಟುತ್ತದೆ, ಅದರ ಮೇಲೆ ಬಲೂನು ಜಾರಿಬರುತ್ತದೆ.

• ಬಲೂನಿಗೆ ತುಂಬುವುದು ಗಾಳಿಯಲ್ಲ, ಡೈ ಬೆರೆಸಿದ ಸಲೈನ್. ಒತ್ತಡ ಕಾರಿನ ಟೈರಿನದಕ್ಕಿಂತ ಐದಾರು ಪಟ್ಟು!

• ‘ಬ್ಲಾಕ್ ತೆಗೆದರು’ ಅನ್ನುತ್ತೇವೆ. ನಿಜವಾಗಿ ಏನನ್ನೂ ಹೊರತೆಗೆಯುವುದಿಲ್ಲ. ಕಬ್ಬಿನ ಹೊಲದ ಡ್ರಿಪ್ ಪೈಪನ್ನು ತೊಳೆದಂತಲ್ಲ ಇದು. ಕೊಬ್ಬಿನ ಗಡ್ಡೆ ನಾಳದ ಗೋಡೆಗೆ ಒತ್ತಿಕೊಳ್ಳುತ್ತದೆ, ಮತ್ತೆ ಕುಸಿಯದಂತೆ ಸ್ಟೆಂಟ್ ಆಧಾರವಾಗಿ ನಿಲ್ಲುತ್ತದೆ.

• ಸ್ಟೆಂಟ್ ತುಕ್ಕು ಹಿಡಿಯದು, ತೆಗೆಸಬೇಕಿಲ್ಲ. ಕೆಲವು ತಿಂಗಳಲ್ಲಿ ನಾಳದ ಒಳಪೊರೆ ಅದರ ಮೇಲೆ ಬೆಳೆಯುತ್ತದೆ. ‘ಆರಾಮ ಅದೀನಿ’ ಅಂತ ಅದಕ್ಕೂ ಮೊದಲೇ ರಕ್ತ ತೆಳುವಾಗಿಸುವ ಮಾತ್ರೆ ಬಿಟ್ಟರೆ, ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಬಹುದು.

• 2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಔಷಧ ಲೇಪಿತ ಸ್ಟೆಂಟಿಗೆ 29,600 ರೂಪಾಯಿ, ಬರೀ ಲೋಹದ್ದಕ್ಕೆ 7,260 ರೂಪಾಯಿ ಗರಿಷ್ಠ ಬೆಲೆ ಕಟ್ಟಿತು. ಅದಕ್ಕೂ ಮುಂಚೆ ಒಂದು ಸ್ಟೆಂಟಿಗೆ ಲಕ್ಷ ದಾಟಿದ ಬಿಲ್ಲುಗಳೂ ಇದ್ದವು.

• ಹೃದಯಾಘಾತವಾದರೆ ಆಂಜಿಯೋಪ್ಲಾಸ್ಟಿಗೆ ದೂರದ ಊರು ತಲುಪುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ರಾಜ್ಯದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ನೋಡಿ, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ.

• ಇಷ್ಟೆಲ್ಲ ಇದ್ದರೂ ಅಮೂಲ್ಯ ಸಮಯ ನುಂಗುವ ಮಾತೊಂದಿದೆ: ‘ಗ್ಯಾಸ್ ಆಗಿರಬೇಕ, ಒಂದ್ ಸೋಡಾ ಕುಡಿ.’ ಎದೆ ಹಿಂಡಿ, ನೋವು ಎಡತೋಳಿಗೋ ದವಡೆಗೋ ಹರಡಿ ಬೆವರು ಕಿತ್ತುಬಂದರೆ, ಸೋಡಾ ಬಾಟ್ಲಿ ಪಕ್ಕಕ್ಕಿಟ್ಟು 108ಕ್ಕೆ ಫೋನ್ ಮಾಡಿ.