ಆಲಮಟ್ಟಿ: ಎತ್ತರ ಎಷ್ಟು, ಮಾತು ಯಾರದು?

ಇಂಡಿ ಕಡೆಯ ನಮ್ಮಂಥ ಲಿಂಬೆ ಬೆಳೆಗಾರರಿಗೆ ಎರಡು ಅಂಕಿ ಬಾಯಿಪಾಠ: 519.6 ಮತ್ತು 524.256. ಮೊದಲನೆಯದು ಕೃಷ್ಣೆಯ ಆಲಮಟ್ಟಿ ಅಣೆಕಟ್ಟಿನಲ್ಲಿ ಈಗ ನೀರು ನಿಲ್ಲಿಸುವ ಮಟ್ಟ, ಮೀಟರ್ ಲೆಕ್ಕದಲ್ಲಿ. 2000ದಲ್ಲಿ ಸುಪ್ರೀಂ ಕೋರ್ಟ್ ಅಷ್ಟಕ್ಕೇ ಒಪ್ಪಿತು. ಎರಡನೆಯದಕ್ಕೆ 2010ರಲ್ಲಿ ಕೃಷ್ಣಾ ನೀರು ಹಂಚುವ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ ಒಪ್ಪಿಗೆ ಕೊಟ್ಟಿತು. ಆದರೆ ತೀರ್ಪು ಕೇಂದ್ರದ ಗೆಜೆಟ್‌ನಲ್ಲಿ ಪ್ರಕಟವಾಗಬೇಕಲ್ಲ? 2011ರಲ್ಲಿ ಅದಕ್ಕೆ ಕೋರ್ಟಿನ ತಡೆ ಬಿತ್ತು.

ಎತ್ತರ ಸಿಕ್ಕರೆ ಕೃಷ್ಣಾ ಮೇಲ್ದಂಡೆ ಮೂರನೇ ಹಂತದಲ್ಲಿ 130 ಟಿಎಂಸಿ ನೀರು ಬಳಸಬಹುದು. ಮುಳವಾಡ, ಚಿಮ್ಮಲಗಿ ಏತ ನೀರಾವರಿಗಳನ್ನು ನೆಚ್ಚಿಕೊಂಡು ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿ ಭಾಗದ ರೈತರು ಕೂತಿದ್ದಾರೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕೊಂಡು ಲಿಂಬೆ ಗಿಡ ಉಳಿಸಿಕೊಂಡವನಿಗೆ ಈ ಲೆಕ್ಕ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಇನ್ನು ನಾಯಕರ ನಿಲುವು. 2013ರ ಜನವರಿಯಲ್ಲಿ ಕಾಂಗ್ರೆಸ್ಸಿನವರು ಹೊಸಪೇಟೆಯಿಂದ ಕೂಡಲಸಂಗಮಕ್ಕೆ ನಡೆದು ಬಂದು, ಕೃಷ್ಣಾ ಯೋಜನೆಗಳಿಗೆ ವರ್ಷಕ್ಕೆ 10,000 ಕೋಟಿ ರೂಪಾಯಿ ಕೊಡುವ ಮಾತಾಡಿದರು. ಆಮೇಲೆ ಮೂರೂ ಪಕ್ಷದವರು ಕುರ್ಚಿ ಏರಿ ಇಳಿದರು. 2025ರ ಜುಲೈನಲ್ಲಿ ಮಹಾರಾಷ್ಟ್ರ ಮುಖ್ಯಮಂತ್ರಿ ದೇವೇಂದ್ರ ಫಡಣವೀಸ್, ಎತ್ತರಿಸಿದರೆ ಸಾಂಗ್ಲಿ, ಕೊಲ್ಹಾಪುರ ಪ್ರವಾಹಕ್ಕೆ ಸಿಗುತ್ತವೆ ಎಂದು ಪತ್ರ ಬರೆದರು. ನ್ಯಾಯಮಂಡಳಿ ಮುಂದೆ ಎತ್ತದ ತಕರಾರು ಈಗೇಕೆ ಎಂದು ಸಿದ್ದರಾಮಯ್ಯ ಮರುಪತ್ರ ಬರೆದರು. 2019ರ ಪ್ರವಾಹದ ನಂತರ ಮಹಾರಾಷ್ಟ್ರವೇ ನೇಮಿಸಿದ್ದ ವಡ್ನೇರೆ ಸಮಿತಿ ಆಲಮಟ್ಟಿಯನ್ನು ದೂರಿರಲಿಲ್ಲ.

2025ರ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯದ ಸಂಪುಟ, ಎತ್ತರಿಸಿದರೆ ಮುಳುಗುವ ಜಮೀನಿಗೆ ದರ ಗೊತ್ತುಮಾಡಿತು: ನೀರಾವರಿ ಎಕರೆಗೆ 40 ಲಕ್ಷ, ಖುಷ್ಕಿಗೆ 30 ಲಕ್ಷ. ಇಷ್ಟು ವರ್ಷ ಈ ದರಕ್ಕೆ ಕಾದವರ ಪಾಡು ನೋಡಬೇಕೆಂದರೆ ಕೊಲ್ಹಾರದ ಕಡೆ ಹೋಗಬೇಕು. ಅಲ್ಲಿ ನಮ್ಮ ಬೀಗರ ಮನೆಯ ಹಿಂದಿನ ಗೋಡೆಗೆ ಗಿಲಾವೇ ಇಲ್ಲ. ಕೇಳಿದ್ದಕ್ಕೆ ಅಂದರು, “ಮುಳಗೂ ಮನಿಗೆ ಯಾಕ ರೊಕ್ಕ ಸುರೂದ್ರಿ, ಮಾವಾರ? ಮುಳಗಂಗಿಲ್ಲ ಅಂದ್ರ ಅದನ್ನರ ಬರದು ಕೊಡ್ಲಿ.” ಹೊಲ ಮಾರೋಣ ಅಂದರೆ ಕೊಳ್ಳುವವರಿಲ್ಲ, ಬೋರ್ ಕೊರೆಸೋಣ ಅಂದರೆ ಧೈರ್ಯವಿಲ್ಲ.

ನಮಗೆ ನೀರು ಬೇಕು, ಅವರಿಗೆ ಪರಿಹಾರ. ಇಬ್ಬರನ್ನೂ ಸುಸ್ತು ಮಾಡಿರುವುದು ತೇಲಿಸಿ ಆಡುವ ಮಾತು. ಆಲಮಟ್ಟಿ ಎತ್ತರಿಸಬೇಕೇ ಎಂದು ಕೇಳಿದರೆ ನಮ್ಮ ಕಡೆ ಯಾವ ಪಕ್ಷದವರೂ ಬೇಡ ಅನ್ನುವುದಿಲ್ಲ. ಹಾಗಾಗಿ ಮುಂದಿನ ಸಲ ಓಟು ಕೇಳಲು ಬಂದವರಿಗೆ ಆ ಪ್ರಶ್ನೆ ಬೇಡ. ಪರಿಹಾರಕ್ಕೆ ಯಾವ ವರ್ಷದ ಬಜೆಟ್‌ನಲ್ಲಿ ಎಷ್ಟು ಇಡುತ್ತೀರಿ, ಗೆಜೆಟ್‌ಗಾಗಿ ದಿಲ್ಲಿಯಲ್ಲಿ ಯಾರ ಬಾಗಿಲು ತಟ್ಟುತ್ತೀರಿ ಎಂದು ಕೇಳೋಣ.